ಆಹೇರಿಗೆ ಹೋದ ಪುಸ್ತಕ

ತಾವೇ ಬರೆದ ಪುಸ್ತಕದ ಒಂದೇ ಒಂದು ಪ್ರತಿಗಾಗಿ ಕಂಡವರ ಮನೆಯ ಕದ ತಟ್ಟಿ, "ನನ್ನ ಪುಸ್ತಕ ಐತೇನ್ರಿ?" ಎಂದು ಕೇಳುತ್ತ ಅಲೆದ ಪಂಡಿತರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನು ಬಂತು, ಅವರ ಹಿಂದೆ ಕೊಡೆ ಹಿಡಿದು ಅಲೆದಿದ್ದೇನೆ! ಅವರು ನನ್ನ ಸೋದರಮಾವ.

ಮಾವನಿಗೆ ಗ್ರೀಕ್ ಬರುತ್ತಿತ್ತು, ಹೀಬ್ರೂ ಬರುತ್ತಿತ್ತು, ಹಳಗನ್ನಡವಂತೂ ಬಾಯಿಪಾಠ. ಬಾರದಿದ್ದುದು ವ್ಯವಹಾರ ಒಂದೇ. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿದ್ದ ಅವರ ಮನೆಗೆ ಪಾದ್ರಿಗಳೂ ಬರುತ್ತಿದ್ದರು, ವಚನಗಳನ್ನು ಅರೆದು ಕುಡಿದ ಸ್ವಾಮಿಗಳೂ ಬರುತ್ತಿದ್ದರು. ವರಾಂಡದಲ್ಲಿ ಕುಳಿತು ದೇವರ ಬಗ್ಗೆ ವಾದ ಮಾಡಿ, ಮಾಮಿಯ ಕೈಯ ಚಹಾ ಕುಡಿದು, ಯಾರೂ ಸೋಲದೆ ಎದ್ದು ಹೋಗುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಕಲಿತವಳು. ನಮ್ಮ ಸಿಸ್ಟರುಗಳು ಪರಿಚಯಿಸಿದ ದೇವರಿಗೆ ಇಂಗ್ಲಿಷ್ ಮಾತ್ರ ತಿಳಿಯುತ್ತಿತ್ತು, ಅದೂ ಗ್ರಾಮರ್ ಕರೆಕ್ಟಾಗಿದ್ದರೆ! ಮಾವನ ದೇವರು ಹಾಗಲ್ಲ. ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತು ಕೇಳುವ ಪೈಕಿ.

ಮಾವ ಬರೆದ ದಪ್ಪ ದಪ್ಪ ಗ್ರಂಥಗಳು ಲೈಬ್ರರಿಗಳಲ್ಲಿ ಧೂಳು ತಿನ್ನುತ್ತ ಸೇಫಾಗಿವೆ. ಜನ ಹೊಗಳಿದ್ದು ಮಾತ್ರ ಒಂದು ತೆಳ್ಳನೆಯ ಪುಸ್ತಕವನ್ನು. ಈ ಸೀಮೆಯ ಮನೆಮಾತಿನಲ್ಲಿದ್ದ ಪ್ರಾರ್ಥನೆಗಳು ಅದರಲ್ಲಿದ್ದವು. ಹಾಲು ಉಕ್ಕಿ ಹೋದಾಗ ಒಂದು, ಬಸ್ಸು ತಪ್ಪಿದಾಗ ಒಂದು, ನೆರೆಮನೆಯವಳೊಡನೆ ಜಗಳವಾದಾಗ ಒಂದು. "ಸ್ವಾಮಿ, ನಂದೂ ತಪ್ಪೈತಿ, ಆಕೀದೂ ತಪ್ಪೈತಿ. ಆದ್ರ ಆಕೀದು ಸ್ವಲ್ಪ ಜಾಸ್ತಿ, ನೀನಽ ನೋಡೀದಿ." ಹೀಗೆ! ದೇವರಿಗೆ ಉತ್ತರ ಕೊಡುವುದೇ ಕಷ್ಟವಾಗುವಂಥ ಪ್ರಾರ್ಥನೆಗಳು. ಲೈಬ್ರರಿಯವರು "ಇದು ಸೀರಿಯಸ್ ಸಾಹಿತ್ಯ ಅಲ್ರಿ" ಎಂದು ಕೊಳ್ಳಲಿಲ್ಲ.

ಅಂಗಡಿಯಲ್ಲಾದರೂ ಮಾರಬೇಕಲ್ಲ? ಛೇ! ಮಾವ ಅದನ್ನು ಆಹೇರು ಮಾಡಿದರು. ನಮ್ಮ ಕಡೆ ಮದುವೆಗೆ ಹೋದರೆ ಆಹೇರಿನ ಉಡುಗೊರೆ ಕೊಡದೆ ಊಟಕ್ಕೆ ಕೂಡುವ ಹಾಗಿಲ್ಲ. ಲಿಂಗಾಯತರ ಮದುವೆ, ಜೈನರ ಮದುವೆ, ಮರಾಠರ ಮದುವೆ, ಎಲ್ಲಿಗೆ ಹೋದರೂ ಮಾವನ ಜುಬ್ಬದ ಜೇಬಿನಿಂದ ಅದೇ ಪುಸ್ತಕ ಹೊರಬರುತ್ತಿತ್ತು. ಮಾಮಿ ಖಾನಾಪುರದವರು, ಬಾಯಿ ಜೋರು.

"ಮಂದಿ ಸ್ಟೀಲಿನ ಡಬ್ಬಿ ಕೊಡ್ತಾರ, ನೀವು ಪುಸ್ತಕಾ ಕೊಡ್ತೀರಿ! ಡಬ್ಬ್ಯಾಗ ಅಕ್ಕಿ ತುಂಬತಾರ. ಇದರಾಗ ಏನ್ ತುಂಬಬೇಕು?"

"ಅಕ್ಕಿ ತೀರಿದ ದಿನ ಇದನ್ನ ತಗೀತಾರ ಬಿಡು."

"ಅವತ್ತ ನಿಮಗ ಬೈಯಾಕ ತಗೀತಾರ!"

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮಾಮಿ ತೀರಿಕೊಂಡರು. ಮಾವ ಅಳಲಿಲ್ಲ. ಮರೆಯತೊಡಗಿದರು. ಮೊದಲು ಕನ್ನಡಕ ಇಟ್ಟ ಜಾಗ, ಆಮೇಲೆ ಹೀಬ್ರೂ, ಆಮೇಲೆ ಮನೆಗೆ ಬರುವ ದಾರಿ. ಒಂದು ದಿನ ನನ್ನ ಕೈ ಹಿಡಿದು ಹೇಳಿದರು: "ಬೇಬಿ, ಮರಿವು ಬರಾಕತ್ತೈತಿ. ಪೂರ್ತಿ ಮರಿಯೂದರೊಳಗ ಆ ಪ್ರಾರ್ಥನಾ ಪುಸ್ತಕಾ ಒಮ್ಮೆ ಓದಬೇಕು. ಎಲ್ಲಿಂದರ ತಂದು ಕೊಡು."

ಇದೇನು ದೊಡ್ಡ ಮಾತು ಎಂದು ಕಪಾಟು ತೆಗೆದೆ. ಒಂದೂ ಇಲ್ಲ! ತಮ್ಮ ಪ್ರತಿಯನ್ನೂ ಯಾರದೋ ಮದುವೆಗೆ ಕೊಟ್ಟು ಬಂದಿದ್ದರು ಪುಣ್ಯಾತ್ಮರು. ಅಚ್ಚು ಹಾಕಿದ ಪ್ರೆಸ್ಸು ಮುಚ್ಚಿ ಅಲ್ಲಿ ಸೈಕಲ್ ಅಂಗಡಿ ಬಂದಿತ್ತು. ಹಸ್ತಪ್ರತಿಯ ಸುದ್ದಿ ಕೇಳಿದರೆ ಸೈಕಲ್ ಅಂಗಡಿಯವನು ಪಂಕ್ಚರ್ ಆಗಿದೆಯೇ ಎಂದು ನನ್ನನ್ನೇ ಕೇಳಿದ.

ಸರಿ, ಹೊರಟೆವು. ಶಹಾಪುರದ ಜೈನ ಬಟ್ಟೆ ವ್ಯಾಪಾರಿಯ ಮನೆಯಾಕೆ ಕುಂದಾ ಕೊಟ್ಟು ಉಪಚರಿಸಿದರು.

"ನಿಮ್ಮ ಪುಸ್ತಕ ಮರಿಯಾಕ ಆಗ್ತೈತೇನ್ರಿ ಸರ್! ಬೈಂಡ್ ಅಂತೂ ಭಾಳ ಚಂದ ಇತ್ತು."

"ಎಲ್ಲೈತ್ರಿ ಅದು?"

"ಹಾಳಿ ಸುದ್ದಾ ಮುರದಿರಲಿಲ್ಲ ನೋಡ್ರಿ. ಮಚ್ಛೆಯೊಳಗ ನಮ್ಮವರ ಲಗ್ನಾ ಬಂತು, ಆಹೇರ ಮಾಡಿಬಿಟ್ಟಿವಿ."

ಮಚ್ಛೆಗೆ ಹೋದೆವು. ಅವರು ಸಾಂಬ್ರಾದ ಬೀಗರಿಗೆ ಆಹೇರು ಮಾಡಿದ್ದರು. ಬಿಸಿಲಿನಲ್ಲಿ ಸಾಂಬ್ರಾಕ್ಕೆ ಹೋದೆವು. ಆ ಮನೆಯ ಯಜಮಾನರು ಬಹಳ ಹೊತ್ತು ನೆನಪು ಮಾಡಿಕೊಂಡು, "ಸರ್, ಅದನ್ನ ನಾವು ನಿಮ್ಮ ಮನಿ ಲಗ್ನದಾಗ ನಿಮಗಽ ಕೊಟ್ಟಿವಲ್ರಿ!" ಎಂದರು. ಕೊಟ್ಟದ್ದು ನಿಜವಂತೆ. ಮಾವ ಅದನ್ನು ತಿರುಗಿ ಇನ್ಯಾರಿಗೋ ಆಹೇರು ಮಾಡಿದ್ದೂ ನಿಜವಂತೆ. ಒಂದೇ ಪುಸ್ತಕ, ಇಷ್ಟು ಮನೆ, ಒಬ್ಬರಾದರೂ ಬಿಚ್ಚಿ ನೋಡಿರಲಿಲ್ಲ! ನಗಬೇಕೋ ಅಳಬೇಕೋ ತಿಳಿಯದೆ ನಾನು ಅವರ ಮನೆಯ ನೀರು ಕುಡಿದೆ.

ಅಷ್ಟರಲ್ಲಿ ಸನ್ಮಾನ ಸಮಿತಿಯೊಂದು ಹುಟ್ಟಿಕೊಂಡಿತು. ಪ್ರೀತಿಯ ಲೇಖಕರಿಗೆ ಊರು ಗೌರವ ಸಲ್ಲಿಸಬೇಡವೇ? ಪುಸ್ತಕವನ್ನು ಮರುಮುದ್ರಣ ಮಾಡಿ ವೇದಿಕೆಯ ಮೇಲೆ ಬಿಡುಗಡೆ ಮಾಡುತ್ತೇವೆಂದು ಕರಪತ್ರವನ್ನೂ ಹಂಚಿದರು. ಮುದ್ರಿಸಲು ಮೂಲವೇ ಇಲ್ಲ ಎಂದೆ. "ಚಿಂತಿ ಮಾಡಬ್ಯಾಡ್ರಿ ಮೇಡಮ್, ಏನರ ಅಡ್ಜಸ್ಟ್ ಮಾಡೂಣು" ಎಂದರು ಸಮಿತಿಯವರು. ಅಡ್ಜಸ್ಟ್ ಮಾಡಿದರು. ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟದ್ದು ಟೆಲಿಫೋನ್ ಡೈರೆಕ್ಟರಿ! ಅದನ್ನು ಬಿಚ್ಚದೆಯೇ ಎತ್ತಿ ಹಿಡಿದ ಮುಖ್ಯ ಅತಿಥಿಗಳು, "ಎಲ್ಲಾ ಜಾತಿ, ಎಲ್ಲಾ ಧರ್ಮದವರಿಗೂ ಜಾಗಾ ಇರೂವಂಥ ಗ್ರಂಥ ಇದು" ಎಂದು ಭಾಷಣ ಮಾಡಿದರು. ಅವರು ಆಡಿದ ಸತ್ಯ ಅವರಿಗೇ ಗೊತ್ತಿರಲಿಲ್ಲ.

ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವಿನಿಂದ ಮಾವ ಎದ್ದು ಮೈಕಿನ ಮುಂದೆ ನಿಂತರು.

"ಆ ಪ್ರಾರ್ಥನಾ ನಾ ಬರದದ್ದಲ್ರಿ."

ಚಪ್ಪಾಳೆ!

"ಖರೇ ಹೇಳ್ತೀನ್ರಿ, ನಂದಲ್ಲ ಅದು!"

ಇನ್ನೂ ಜೋರಾದ ಚಪ್ಪಾಳೆ. "ಎಂಥಾ ವಿನಯ, ಎಂಥಾ ವಿನಯ!" ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಮಾವ ಒಂದು ಸಲ ಸಭೆಯನ್ನು ನೋಡಿ ಸುಮ್ಮನೆ ಕುಳಿತುಬಿಟ್ಟರು. ಅಷ್ಟು ಜನರ ಮಧ್ಯೆ ಅಷ್ಟು ಒಂಟಿಯಾದ ಮನುಷ್ಯನನ್ನು ನಾನು ಕಂಡಿಲ್ಲ. ಮರೆವಿನ ಮಾತು ಎಂದು ನಾನೂ ತಿಳಿದೆ.

ಸಭೆ ಮುಗಿದ ಮೇಲೆ ಹಣೆಗೆ ವಿಭೂತಿ ಧರಿಸಿದ ಹೆಣ್ಣುಮಗಳೊಬ್ಬಳು ಬಂದು ಮಾವನ ಕಾಲಿಗೆ ನಮಸ್ಕರಿಸಿದಳು. "ಅಜ್ಜಾರ, ನನ್ನ ಲಗ್ನದಾಗ ನೀವು ಕೊಟ್ಟ ಪುಸ್ತಕಾ ಖಾನಾಪುರದಾಗ ನಮ್ಮ ಮನ್ಯಾಗ ಐತ್ರಿ. ಭಾಳ ಜ್ವಾಪಾನ ಮಾಡೀನ್ರಿ."

ಮಾವನ ಮುಖದಲ್ಲಿ ದೀಪ ಹತ್ತಿತು. "ಬೇಬಿ, ಈಗಽ ಹೋಗೂಣು!"

ಮರುದಿನ ಬೆಳಗಿನ ಬಸ್ಸಿಗೆ ಹೋದೆವು. ಆಕೆ ನೇರ ದೇವರ ಮನೆಗೆ ಕರೆದೊಯ್ದಳು. ದೇವರ ಜಗುಲಿಯ ಮೇಲೆ, ಬಸವಣ್ಣನವರ ಪಟದ ಪಕ್ಕದಲ್ಲಿ ಕೆಂಪು ವಸ್ತ್ರದೊಳಗೆ ಕುಳಿತಿತ್ತು ನಮ್ಮ ಪುಸ್ತಕ!

"ದಿನಾ ಪೂಜಿ ಮಾಡ್ತೀನ್ರಿ. ಎಣ್ಣಿ ದೀಪ, ಕುಂಕುಮ, ಹೂವು. ಪಂಚಮಿಗೆ ಹಾಲು ಸುದ್ದಾ ಎರೀತೀನ್ರಿ!"

ಹಾಲು! ಪುಸ್ತಕಕ್ಕೆ! ನಾನೇ ಬಟ್ಟೆ ಬಿಚ್ಚಿದೆ. ಎಣ್ಣೆ, ಕುಂಕುಮ, ಹಾಲು ಎಲ್ಲ ಸೇರಿ ಹಾಳೆಗೆ ಹಾಳೆ ಅಂಟಿ ಅದು ಇಟ್ಟಿಗೆಯಾಗಿತ್ತು.

"ಒಮ್ಮೆರ ತಗದು ಓದಿದ್ದೀ ಏನವಾ?" ಎಂದರು ಮಾವ, ಮೆಲ್ಲಗೆ.

"ಅಯ್ಯ ಅಜ್ಜಾರ, ದೇವರನ್ನ ಯಾರರ ಬಿಚ್ಚಿ ನೋಡ್ತಾರೇನ್ರಿ?"

ಗೌರವವೆಂದರೆ ಇದೇ ಅಲ್ಲವೇ? ಊರು ಶಾಲಿನಲ್ಲಿ ಸುತ್ತಿತು, ಈಕೆ ಕೆಂಪು ವಸ್ತ್ರದಲ್ಲಿ ಸುತ್ತಿದಳು. ನನಗೆ ಸಿಟ್ಟೂ ಬರಲಿಲ್ಲ. ಬತ್ತಿ ಹೋದ ಹಾಗಾಯಿತು, ಅಷ್ಟೇ.

ಮಾವ ಬಿಡಲಿಲ್ಲ. ನೆಲದ ಮೇಲೆ ಕುಳಿತು ಚಾಕುವಿನ ತುದಿಯಿಂದ ಹಾಳೆ ಬಿಡಿಸತೊಡಗಿದರು. ಒಂದು ಬಿಡಿಸಿದರೆ ಅಕ್ಷರಗಳು ಇನ್ನೊಂದಕ್ಕೆ ಅಂಟಿಕೊಂಡು ಹೋಗುತ್ತಿದ್ದವು. ಕೊನೆಗೆ ನಡುವಿನ ಒಂದು ಹಾಳೆ ಅರ್ಧಕ್ಕೆ ಹರಿದು ಬಂತು. ಮಾವ ಕನ್ನಡಕ ಏರಿಸಿಕೊಂಡು ಓದಿದರು.

"ಸ್ವಾಮಿ, ಇವರು ಇನ್ನೂ ಬಂದಿಲ್ಲ. ಅನ್ನ ಆರಾಕತ್ತೈತಿ. ಎಲ್ಲಿ ನಿಂತು ಯಾರ ಜೋಡಿ ವಾದಾ ಮಾಡಾಕತ್ತಾರೋ ನೀನಽ ಬಲ್ಲಿ. ಇವತ್ತ ಬೈಬೇಕಂತ ಮಾಡೀನಿ. ಆದ್ರ ಮಾರಿ ನೋಡಿದ ಕೂಡ್ಲೆ..."

ಅಲ್ಲಿಗೆ ಹಾಳೆ ಹರಿದಿತ್ತು. ಇದು ಪಂಡಿತರ ದನಿಯೇ ಅಲ್ಲ!

"ಮಾಮಾ, ಇದು..."

"ನಿಮ್ಮ ಮಾಮೀದು. ಎಲ್ಲಾ ಅಕೀದಽ. ಒಲಿ ಮುಂದ ಕುಂತು ಬೇಡಿಕೊಳ್ಳತಿದ್ಲು, ನಾ ಕದದ ಹಿಂದ ನಿಂತು ಬರ್ಕೊಳ್ಳತಿದ್ದೆ. ಈಗ ಅಕಿ ಮಾರಿ ನೆನಪೈತಿ, ಬೇಬಿ. ಮಾತು ಮರಿಯಾಕತ್ತೀನಿ."

ಆ ಹೆಣ್ಣುಮಗಳಿಗೆ ಏನು ತಿಳಿಯಿತೋ ಏನು ಬಿಟ್ಟಿತೋ. "ಮುಂದೇನೈತ್ರಿ ಅಜ್ಜಾರ?" ಎಂದಳು.

ಮಾವ ಹರಿದ ಅಂಚಿನ ಮೇಲೆ ಬೆರಳಾಡಿಸಿದರು. "ಗೊತ್ತಿಲ್ಲವಾ. ಅಕಿನ್ನಽ ಕೇಳಬೇಕು."

ಆಕೆ ಒಳಗೆ ಹೋಗಿ ಊಟದ ಗಂಗಾಳ ತಂದು ಮಾವನ ಮುಂದಿಟ್ಟಳು. ಅವರು ಕದಲದೆ ಕುಳಿತಿದ್ದನ್ನು ಕಂಡು, ಸೊಂಟದ ಮೇಲೆ ಕೈಯಿಟ್ಟು ಗದರಿದಳು: "ಎಷ್ಟೊತ್ತು ಕುಂದರತೀರಿ ಹಂಗ? ಏಳ್ರಿ, ಕೈ ತೊಳೀರಿ. ಅನ್ನ ಆರಾಕತ್ತೈತಿ!"

ಮಾವ ತಲೆಯೆತ್ತಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೈ ಜೋಡಿಸಿದರು.

"ಇನ್ನೊಮ್ಮೆ ಅನ್ನು, ತಾಯಿ."