ಗೇಟಿನ ಮುಂದೆ ಬಚ್ಚಲಮನೆ

ಎಲ್ಲ ಗೋಳಿಗೂ ಕಾರಣ ಒಂದೇ ಒಂದು ಟೈಲ್ಸು. ವೇದವ್ಯಾಸ ಸ್ನಾನ ಮಾಡುವಾಗ ಬಚ್ಚಲಮನೆ ಗೋಡೆಯ ಆ ಟೈಲ್ಸು ಅಜ್ಜನ ಹಲ್ಲಿನ ಹಾಗೆ ಅಲುಗಾಡಿತು. ಒತ್ತಿ ಕೂರಿಸಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಕಾಲೇಜು ಆಫೀಸಿನ ಗುಮಾಸ್ತನಿಗೆ ಯಾವುದನ್ನೂ ಇನ್ನೊಬ್ಬರ ಗಮನಕ್ಕೆ ತರದೆ ನಿದ್ದೆ ಬರುವುದಿಲ್ಲವಲ್ಲ! ಗೌಂಡಿ ಸುಂಕಪ್ಪನನ್ನು ಕರೆಸಿದ. ಸುಂಕಪ್ಪ ಗೋಡೆಯನ್ನು ಬೆರಳಿನಿಂದ ಟಕಟಕ ಬಡಿದ, ಕಿವಿಯಿಟ್ಟು ಕೇಳಿದ. ಆಮೇಲೆ ಆಪರೇಷನ್ ಥಿಯೇಟರಿನಿಂದ ಹೊರಬಂದ ಸಿನಿಮಾ ಡಾಕ್ಟರು ಕನ್ನಡಕ ತೆಗೆಯುವ ಹಾಗೆ ತಲೆಯ ಟವಲ್ಲು ಬಿಚ್ಚಿದ.

"ಗ್ವಾಡಿ ಪೂರಾ ಪೊಳ್ಳು ಆಗೈತ್ರಿ. ಇನ್ನ ದೇವ್ರ ಮ್ಯಾಲೆ ಭಾರ."

ಸಂಜೆಯಷ್ಟರಲ್ಲಿ ಬಚ್ಚಲಮನೆ ಇದ್ದ ಜಾಗದಲ್ಲಿ ಆಕಾಶ ಕಾಣುತ್ತಿತ್ತು. ಒಡೆದದ್ದನ್ನೆಲ್ಲ ಸುಂಕಪ್ಪ ಗೇಟಿನ ಮುಂದೆ ಗುಡ್ಡೆ ಹಾಕಿ, "ಬೇಕಾದವ್ರು ಬಂದು ಒಯ್ತಾರ ಬಿಡ್ರಿ" ಎಂದು ಹೇಳಿ, ಬೀಗರ ಮನೆಗೆಂದು ದೇಶನೂರಿಗೆ ಹೋದ. ಅವನ ಜೊತೆಗೇ ಅವನ ಫೋನಿನ ಜೀವವೂ ಹೋಯಿತು.

ಬೆಳಿಗ್ಗೆ ಬಾಗಿಲು ತೆರೆದ ಹೆಂಡತಿ ಶ್ರೀಕೃತಿ ರಂಗೋಲಿ ಡಬ್ಬಿ ಹಿಡಿದು ಅಲ್ಲೇ ಕಲ್ಲಾದಳು.

"ಏನ್ರೀ, ಕಾರು ಹೆಂಗ ಹೊರಗ ಬರ್ತದ?"

ವೇದವ್ಯಾಸ ಕಾಂಪೌಂಡಿನೊಳಗಿದ್ದ ಹೊಸ ಬಿಳಿ ಕಾರನ್ನು ನೋಡಿದ, ಗೇಟನ್ನು ನೋಡಿದ, ಗೇಟಿನಾಚೆ ಅದರ ಎತ್ತರಕ್ಕೇ ನಿಂತಿದ್ದ ಗುಡ್ಡೆಯನ್ನು ನೋಡಿದ. ಅವತ್ತು ಸಂಜೆ ಕುರುಗೋಡಿನಲ್ಲಿ ಷಡ್ಡಕ ರಾಘವೇಂದ್ರನ ಮಗಳ ನಿಶ್ಚಿತಾರ್ಥ. ಈ ರಾಘವೇಂದ್ರ ಹೋದ ಸಲ ಇವರು ಬಸ್ಸಿನಲ್ಲಿ ಬಂದಾಗ ಪಂಕ್ತಿಯ ನಡುವೆ ನಿಂತು, "ಪಾಪ, ನಿಂತುಕೊಂಡೇ ಬಂದಾರ, ಅವರಿಗೆ ಮೊದ್ಲು ಬಡಸ್ರಿ" ಎಂದು ಕೂಗಿದ್ದ. ಆವತ್ತು ಹೋಳಿಗೆ ಮುಟ್ಟದೆ ಎದ್ದುಬಂದ ಶ್ರೀಕೃತಿ ಕಾರು ಬರುವ ತನಕ ಗಂಡನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

"ಕಾರು ಅವರ ಚಪ್ಪರದ ಬಾಗಿಲಿಗೇ ನಿಲ್ಲಬೇಕು. ಇಲ್ಲಾಂದ್ರ ನಾ ಬರೂದಿಲ್ಲ. ಇವತ್ತಷ್ಟೇ ಅಲ್ಲ, ನನ್ನ ತವರಿನ ಯಾವ ಕಾರ್ಯಕ್ಕೂ ನಿಮ್ಮ ಜೊತಿ ಬರೂದಿಲ್ಲ."

ವೇದವ್ಯಾಸ ಪಂಚೆ ಎತ್ತಿಕಟ್ಟಿ ಸಲಿಕೆ ಹಿಡಿದ. ಒಂದು ಬುಟ್ಟಿ ತುಂಬಿ ಪಕ್ಕದ ಖಾಲಿ ಸೈಟಿಗೆ ಸುರಿಯಲು ಹೋದನೋ ಇಲ್ಲವೋ, ಎದುರುಮನೆಯ ಜಂಬಮ್ಮ ಮಹಡಿಯಿಂದ ಗುಡುಗಿದಳು.

"ಆಚಾರ್ರೇ! ಆ ಸೈಟು ಸಿರುಗುಪ್ಪದವ್ರದು. ಮಂದಿ ಕಟ್ಕೊಂಡು ಬರ್ತಾರ ನೋಡ್ರಿ! ನಾ ಅಂತೂ ಸಾಕ್ಷಿ ಹೇಳಾಕಿ!"

ಬುಟ್ಟಿ ವಾಪಸ್ಸಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಡ್ರಿಲ್ ಮಾಸ್ತರ ದೊಡ್ಡಬಸವರಾಜ ಚಹಾದ ಲೋಟ ಹಿಡಿದು ಹೊರಬಂದ. ಕೆಲಸ ಮಾಡುವವನನ್ನು ಕಂಡರೆ ಅವನಿಗೆ ಸೀಟಿ ಊದುವ ಹುಮ್ಮಸ್ಸು ಬರುತ್ತಿತ್ತು.

"ಬಗ್ಗೂದು ತಪ್ಪು ಮಾಡಾಕತ್ತೀರಿ. ಮಣಕಾಲು ಮಡಚ್ರಿ. ಮಡಚ್ರೀ ಅಂದ್ರ! ಹ್ಞಾಂ. ಅದಕಿಂತ ಒಂದು ಟ್ರ್ಯಾಕ್ಟರ್ ಕರಸಿದ್ರ ಚಲೋ ಇತ್ತು."

ಮಣಕಾಲು ಮಡಚಿಸುವ ಮೊದಲೇ ಇದನ್ನು ಹೇಳಬಾರದಿತ್ತೇ ಎಂದು ಒಳಗೊಳಗೇ ಕುದಿಯುತ್ತ ವೇದವ್ಯಾಸ ಸರ್ಕಲ್ಲಿಗೆ ಹೋದ. ಅಲ್ಲಿದ್ದ ಟ್ರ್ಯಾಕ್ಟರಿನವರೆಲ್ಲ ಒಂದೇ ರಾಗ ಹಾಡಿದರು. "ಒಯ್ಯೂದು ದೊಡ್ಡ ಮಾತಲ್ರಿ. ಒಯ್ದು ಎಲ್ಲಿ ಸುರುವ್ಲಿ? ರೋಡಿನಾಗ ಸುರುವಿದ್ರ ದಂಡ ಹಾಕ್ತಾರ, ಹೊಲದಾಗ ಸುರುವಿದ್ರ ಒದೀತಾರ." ಕೊನೆಗೊಬ್ಬ ಕರುಣೆ ತೋರಿಸಿ ಅಕ್ರಮ್ ಎಂಬವನ ನಂಬರು ಕೊಟ್ಟ. ಒಡೆದ ಮನೆಗಳ ಕಲ್ಲು ಇಟ್ಟಂಗಿಯನ್ನು ಪುಡಿ ಮಾಡಿ, ನೆಲಕ್ಕೆ ಹಾಸುವ ಪೇವರ್ ಬ್ಲಾಕ್ ಮಾಡುವ ಯಾರ್ಡನ್ನು ಅವನು ಕುರುಗೋಡಿನಲ್ಲಿ ಆಗಷ್ಟೇ ತೆರೆದಿದ್ದನಂತೆ.

"ಸರ್, ಎಷ್ಟಿದ್ರೂ ಕೊಡ್ರಿ, ನಮಗ ಬೇಕು!" ಫೋನಿನಲ್ಲಿ ಅಕ್ರಮನ ದನಿ ಹೀರೋನ ತಮ್ಮನಂತೆ ಧೈರ್ಯ ಕೊಟ್ಟಿತು. "ಊಟ ಆದಮ್ಯಾಲೆ ಗಾಡಿ ಕಳಸ್ತೀನಿ. ಇಟ್ಟಂಗಿ ಒಂದು ಕಡಿ, ಟೈಲ್ಸ್ ಒಂದು ಕಡಿ, ಕಬ್ಬಿಣ, ಪೈಪು, ಕಟಿಗಿ ಒಂದು ಕಡಿ ಬ್ಯಾರೆ ಬ್ಯಾರೆ ಮಾಡಿ ಇಡ್ರಿ. ಕಲಸಿ ಕೊಟ್ರ ನಮ್ಮ ಮಿಷನ್ ಹಲ್ಲು ಮುರೀತದ."

ಗೆದ್ದೆನೆಂದು ಮನೆಗೆ ಬಂದ ವೇದವ್ಯಾಸ ಬೀದಿಯ ತಿರುವಿನಲ್ಲೇ ನಿಂತುಬಿಟ್ಟ. ಗುಡ್ಡೆ ಬೆಳೆದಿತ್ತು! ಮೇಲೆ ಒಂದು ಒಡೆದ ಕಮೋಡು ಸಿಂಹಾಸನದ ಹಾಗೆ ಕೂತಿತ್ತು. ಅದರ ಸುತ್ತ ಸಿಮೆಂಟ್ ಶೀಟಿನ ತುಂಡು, ತುಳಸಿಕಟ್ಟೆಯ ಅರ್ಧ ಭಾಗ, ಯಾರದೋ ಮುರಿದ ಕಿಟಕಿ.

"ಇದೆಲ್ಲ ಯಾರದು?"

"ನಿಮ್ಮದು ಹೆಂಗೂ ಹೊಂಟೈತಲ್ರಿ," ಎಂದಳು ಜಂಬಮ್ಮ, ಕೈಯ ಧೂಳು ಕೊಡವುತ್ತ. "ಜೊತಿಗೆ ನಮ್ದೂ ಒಂದೀಟು ಹೋಗ್ಲಿ. ನೆರಿಹೊರಿ ಅಂದಮ್ಯಾಲೆ ಇಷ್ಟೂ ಇಲ್ಲೇನ್ರಿ?"

"ಕಮೋಡು ನಂದು," ಎಂದ ದೊಡ್ಡಬಸವರಾಜ, ಪ್ರಶಸ್ತಿ ಸ್ವೀಕರಿಸುವ ಗಾಂಭೀರ್ಯದಲ್ಲಿ. "ಭಾಳ ವರ್ಷದಿಂದ ಮಾಳಿಗಿ ಮ್ಯಾಲೆ ಕುಂತಿತ್ತು. ಇವತ್ತು ಅದಕ್ಕ ಮುಕ್ತಿ ಸಿಕ್ತು."

ಬಳ್ಳಾರಿಯ ಬಿಸಿಲು ಅವತ್ತು ಖಾರ ಅರೆದು ಹಚ್ಚಿದಂತಿತ್ತು. ಅದರಲ್ಲಿ ವೇದವ್ಯಾಸ ಇಟ್ಟಂಗಿ ಆರಿಸಿದ, ಟೈಲ್ಸು ಆರಿಸಿದ, ತುಕ್ಕು ಹಿಡಿದ ಸರಳು ಎಳೆದ. ಬೀದಿಯವರೆಲ್ಲ ನೆರಳಲ್ಲಿ ಕೂತು ಮೊದಲ ದಿನದ ಮೊದಲ ಆಟ ನೋಡುವವರಂತೆ ನೋಡಿದರು. "ಆಚಾರ್ರೇ, ಅದು ಟೈಲ್ಸ್ ಅಲ್ರಿ, ಕಮೋಡಿನ ಚೂರು!" "ಆ ಕಿಟಕಿ ಮೊಳಿ ಕಿತ್ರಿಲ್ಲ ನೋಡ್ರಿ!" ನಡುವೆ ಶ್ರೀಕೃತಿ ಮಜ್ಜಿಗೆಯ ಲೋಟ ತಂದು ಕುಕ್ಕಿ ಹೋದಳು. ಆ ಮಜ್ಜಿಗೆ ಬಿಸಿಲಿಗಿಂತ ಸುಟ್ಟಿತು.

ಅಂತೂ ಟ್ರ್ಯಾಕ್ಟರ್ ಬಂತು. ಆಳುಗಳು ಎಲ್ಲವನ್ನೂ ತುಂಬಿದರು. ಟ್ರ್ಯಾಲಿ ಏದುಸಿರು ಬಿಡುತ್ತ ಬೀದಿ ದಾಟಿದಾಗ ವೇದವ್ಯಾಸನಿಗೆ ಕಣ್ಣು ತುಂಬಿಬಂತು. ಗೇಟಿನ ಮುಂದಿನ ನೆಲವನ್ನು ತಾನೇ ಗುಡಿಸಿದ, ನೀರು ಹೊಡೆದ. ಹಿತ್ತಲಲ್ಲಿ ಎರಡು ಸೀರೆ ಮರೆಮಾಡಿ ಬಕೆಟ್ಟಿನಲ್ಲೇ ಸ್ನಾನ ಮುಗಿಸಿದ. ಜರಿ ಪಂಚೆ, ಸಿಲ್ಕ್ ಶರ್ಟು, ಹಣೆಗೆ ಅಕ್ಷತೆಯ ಬೊಟ್ಟು. ಶ್ರೀಕೃತಿ ಇಳಕಲ್ ಸೀರೆಯುಟ್ಟು, ಫಲತಾಂಬೂಲದ ತಟ್ಟೆ ಹಿಡಿದು ಬಂದಳು. ಮುಖದಲ್ಲಿ ಬೆಳಗಿನಿಂದ ಇಲ್ಲದ ಒಂದು ನಗೆ.

"ಎ.ಸಿ. ಹಾಕ್ರಿ. ಕುರುಗೋಡು ಮುಟ್ಟೂತನಕ ಒಂದು ಹೂವೂ ಬಾಡಬಾರದು."

ಕಾರು ಸ್ಟಾರ್ಟ್ ಆಯಿತು. ಗೇಟು ತೆರೆಯಿತು. ಹಿನ್ನೆಲೆ ಸಂಗೀತವೊಂದೇ ಬಾಕಿ. ಆಗ ಹೊರಗಿನಿಂದ "ಪೀಂ ಪೀಂ" ಎಂದು ಸದ್ದಾಯಿತು. ಇನ್ನೊಂದು ಟ್ರ್ಯಾಕ್ಟರ್ ಹಿಮ್ಮುಖವಾಗಿ ಬಂದು, ಕಾರಿನ ಮೂತಿಯ ಮುಂದೆ ಟ್ರ್ಯಾಲಿ ಎತ್ತಿ, ಧಡಧಡ ಧಡಲ್ ಎಂದು ಸುರಿಯಿತು. ಬೂದು, ಕೆಂಪು ಪೇವರ್ ಬ್ಲಾಕುಗಳು. ಗೇಟಿನ ಎತ್ತರಕ್ಕೆ.

ಡ್ರೈವರನ ಪಕ್ಕದಿಂದ ಗುಲಾಬಿ ಹಾರ ಹಿಡಿದ ಒಬ್ಬ ತರುಣ ಜಿಗಿದ. "ಸರ್, ನಾನೇ ಅಕ್ರಮ್! ಬಳ್ಳಾರಿಗೆ ಮಾಲು ತಂದಿದ್ದೆ. ನಿಮ್ಮ ಮನಿಯಿಂದ ಟ್ರ್ಯಾಲಿ ತುಂಬಿ ತುಳುಕಿತು ಅಂತ ನಮ್ಮ ಹುಡುಗ್ರು ಫೋನ್ ಮಾಡಿದ್ರು. ಎಲ್ಲಾ ಇಲ್ಲೇ ತಿರುಗಿಸಿಬಿಟ್ಟೆ!"

"ನಾನೆಲ್ಲಿ ಕೇಳಿದ್ನಪ್ಪಾ ಇದನ್ನ?" ವೇದವ್ಯಾಸನ ದನಿ ನೀರು ಹೊಕ್ಕ ಸ್ಪೀಕರಿನಂತೆ ಬಂತು.

"ಕೇಳಬೇಕೇನ್ ಸರ್? ನಮ್ಮ ಅಬ್ಬಾ ಹಳೇ ಬಟ್ಟಿ ತಗೊಂಡು ಸ್ಟೀಲ್ ಪಾತ್ರಿ ಕೊಡಾವ್ರು. ಹಳೇದು ಕೊಟ್ಟೋರ ಬಾಗಿಲಿಂದ ಹೊಸದು ಕೊಡದ ಎದ್ದು ಬಂದ್ರ ಬರಕತ್ ಇರಂಗಿಲ್ಲ, ಏಳಿಗಿ ಆಗಂಗಿಲ್ಲ ಅಂತಿದ್ರು. ನಮ್ಮ ಯಾರ್ಡಿನಾಗೂ ಅದೇ ಪದ್ಧತಿ. ನೀವು ಇಡೀ ಓಣಿಯಷ್ಟು ಕೊಟ್ಟೀರಿ, ನಾ ಕಡಿಮಿ ಕೊಟ್ರ ಅಬ್ಬಾ ಕನಸಿನಾಗ ಬಂದು ಬೈತಾರ!" ಹಾರ ವೇದವ್ಯಾಸನ ಕೊರಳಿಗೆ ಬಿತ್ತು.

"ಇದನ್ನ ಈಗಲೇ ಎತ್ತಸಪ್ಪಾ, ಕೈ ಮುಗೀತೀನಿ!"

"ಹಮಾಲರು ಹೋದ್ರಲ್ಲ ಸರ್. ನಾಳಿ ಮುಂಜಾನೆ ಬಂದು ಚಂದಾಗಿ ಹಾಸಿ ಕೊಡ್ತಾರ."

ಮುಹೂರ್ತ ಹತ್ತಿರವಾಗಿತ್ತು. ಬಸ್ ಸ್ಟ್ಯಾಂಡಿಗೆ ಹೋಗಿ ಬಸ್ಸು ಕಾಯುವಷ್ಟು ವ್ಯವಧಾನವಿರಲಿಲ್ಲ. ಶ್ರೀಕೃತಿ ಕಾರಿನಿಂದಿಳಿದಳು. ಗಂಡನನ್ನು ನೋಡಲಿಲ್ಲ. ನೆರಿಗೆ ಎತ್ತಿ, ಬ್ಲಾಕಿನ ಗುಡ್ಡೆ ಹತ್ತಿ ಆಚೆ ಇಳಿದು ಕೇಳಿದಳು.

"ತಮ್ಮಾ, ಈ ಗಾಡಿ ಈಗ ಎಲ್ಲಿಗೆ ಹೋಗ್ತದ?"

"ಕುರುಗೋಡಿಗೇ ಅಕ್ಕಾ. ಖಾಲಿ."

"ಹಂಗಾದ್ರ ಚಪ್ಪರದ ಬಾಗಿಲಿಗೇ ನಿಲ್ಲಸು."

ಅದೇ ಸಂಜೆ ಚಪ್ಪರದ ಬಾಗಿಲಿಗೆ ಧೂಳೆಬ್ಬಿಸುತ್ತ ಟ್ರ್ಯಾಕ್ಟರ್ ಬಂದು ನಿಂತಿತು. ಟ್ರ್ಯಾಲಿಯ ನಡುವೆ ಇಳಕಲ್ ಸೀರೆ ಕಾಲು ಚಾಚಿ ಕೂತಿತ್ತು. ಹಗ್ಗ ಹಿಡಿದು ನೇತಾಡುತ್ತಿದ್ದ ವೇದವ್ಯಾಸನ ಕೊರಳಲ್ಲಿ ಗುಲಾಬಿ ಹಾರ, ಮೀಸೆಯ ತುಂಬ ಸಿಮೆಂಟು. ಷಡ್ಡಕ ರಾಘವೇಂದ್ರನ ಕೈಯಿಂದ ಪನ್ನೀರುದಾನಿ ಜಾರಿತು.

ಶ್ರೀಕೃತಿ ಯಾರ ಮುಖವನ್ನೂ ನೋಡದೆ ತಟ್ಟೆ ಹಿಡಿದು ಒಳಗೆ ನಡೆದೇಬಿಟ್ಟಳು. ವೇದವ್ಯಾಸನೂ ತಲೆ ತಗ್ಗಿಸಿ ಅವಳ ಹಿಂದೆ ನುಸುಳುವಷ್ಟರಲ್ಲಿ ವಿಡಿಯೋದವನು ಕ್ಯಾಮೆರಾ ಹೊತ್ತು ಓಡಿಬಂದು ದಾರಿಗಡ್ಡ ನಿಂತ.

"ಸರ್, ಸರ್! ಗಾಡಿ ಹಿಂದಕ್ಕ ಹೋಗಿ ಇನ್ನೊಮ್ಮೆ ಬರ್ರಿ. ಏನ್ ಎಂಟ್ರಿ ಸರ್ ನಿಮ್ದು! ಈ ಸಲ ಇಳಿಯೋ ಮುಂದ ಒಂದೀಟು ನಗ್ರಿ."