ಕನಸಿನ ತಂಡದಲ್ಲಿ ನನಗೆ ಜಾಗವಿಲ್ಲ

ವಿಕೆಟ್ ಕೀಪರ್ ಆದವನಿಗೆ ಚೆಂಡಿಗಿಂತ ಮಾತಿನ ಪೆಟ್ಟೇ ಜಾಸ್ತಿ. ನನಗಂತೂ ವಾರಕ್ಕೊಂದು ಬೀಳುತ್ತಲೇ ಇರುತ್ತದೆ.

ಭಾನುವಾರ ಹರಿಹರದಲ್ಲಿ ನಮ್ಮ ನಿಟ್ಟುವಳ್ಳಿಯವರಿಗೂ ಅಲ್ಲಿಯವರಿಗೂ ಟೆನಿಸ್ ಬಾಲ್ ಮ್ಯಾಚ್. ಹಿಂದಿನ ದಿನ ಎಲ್ಲರೂ ಮೊಬೈಲಿನ ಆ್ಯಪಿನಲ್ಲಿ ಎರಡೂ ಕಡೆಯ ಆಟಗಾರರನ್ನು ಬೆರೆಸಿ ತಮ್ಮದೇ ಕನಸಿನ ತಂಡ ಕಟ್ಟಿಕೊಳ್ಳುತ್ತಾರೆ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಬೆಲೆ; ಆ್ಯಪ್ ಕೊಟ್ಟಷ್ಟೇ ಕ್ರೆಡಿಟ್‌ನಲ್ಲಿ ಎಲ್ಲರನ್ನೂ ಕೊಳ್ಳಬೇಕು. ಆರಿಸಿದವರು ಮೈದಾನದಲ್ಲಿ ಆಡಿದಷ್ಟು ಪಾಯಿಂಟ್. ದುಡ್ಡಿನ ಮಾತಿಲ್ಲ, ಗೆದ್ದವನಿಗೆ ವಾರವಿಡೀ ಜಂಭ.

ಇಬ್ಬರು ಕೀಪರ್‌ಗಳು

ನಮ್ಮ ಬೌಲರ್ ನನ್ನ ಬಾಲ್ಯದ ಗೆಳೆಯ. ಅವತ್ತು ಅವನ ಅಂಗಡಿಗೆ ಹೋದರೆ, ನನ್ನನ್ನೂ ಹರಿಹರದ ಕೀಪರನ್ನೂ ಮೊಬೈಲಿನಲ್ಲಿ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದ.

"ಅವಂದು ಅಂದಾಜು ನಲವತ್ತು ಪಾಯಿಂಟ್ ಐತೆ. ನಿಂದು ಒಂಬತ್ತು."

"ಒಂದೇ ತಟ್ಟ್ಯಾಗೆ ಉಂಡೋರಲ್ಲೇನೋ ನಾವು?"

"ಉಂಡಿದ್ದೇ ಜಾಸ್ತಿ ಆತಲ್ಲೋ. ಅದಕ್ಕೇ ನಿಂಗೆ ಬಗ್ಗಾಕೆ ಆಗ್ತಿಲ್ಲ."

ಮನೆಯವಳು

ಹೆಂಡತಿ ಮೊದಲ ಸಲ ತಂಡ ಕಟ್ಟಿದ್ದಳು. ಕೀಪರ್ ಯಾರು ಅಂದರೆ, "ನೀವೇ ರೀ" ಅಂದಳು. ಗೆಳೆಯ ಕೈಬಿಟ್ಟರೂ ಇವಳಾದರೂ ಇದ್ದಾಳಲ್ಲ ಎಂದು ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದೆ. ತಿನ್ನುತ್ತಾ ಕೇಳಿದೆ: "ನನ್ನ ಮೇಲೆ ಅಷ್ಟು ನಂಬಿಕೆನಾ?"

"ಹಂಗೇನಿಲ್ಲ ರೀ. ದೊಡ್ಡ ಬ್ಯಾಟ್ಸ್‌ಮನ್ನಿಗೆ ಕ್ರೆಡಿಟ್ ಬಾಳ ಹೋಗ್ತಾವೆ. ಯಾರಾದ್ರೂ ಅಗ್ಗದೋರು ಒಬ್ರು ಬೇಕಾಗಿತ್ತು. ಹುಡುಕಿದೆ, ನಿಮಗಿಂತ ಅಗ್ಗ ಯಾರೂ ಸಿಗ್ಲಿಲ್ಲ."

ಒಂಟಿ ಕೂಗು

ಮರುದಿನ ಹರಿಹರದ ಓಪನರ್ ನಮ್ಮವರನ್ನು ಚಚ್ಚುತ್ತಿದ್ದ. ವಿಚಿತ್ರವೆಂದರೆ ನಮ್ಮವರ ಮುಖದಲ್ಲೇ ಕಳೆ. ಆಮೇಲೆ ತಿಳಿಯಿತು, ಎಲ್ಲರೂ ಅವನನ್ನೇ ಕನಸಿನ ತಂಡದ ನಾಯಕನನ್ನಾಗಿ ಮಾಡಿದ್ದರು. ನಾಯಕನಿಗೆ ಎರಡರಷ್ಟು ಪಾಯಿಂಟ್.

ಗೆಳೆಯನ ಬಾಲಿಗೆ ಅವನು ಮುನ್ನುಗ್ಗಿ ಬಂದು ತಪ್ಪಿದ. ಚೆಂಡು ಗ್ಲೌಸಿಗೆ ಬಿದ್ದದ್ದೇ ಬೇಲ್ಸ್ ಹಾರಿಸಿದೆ. ಅಷ್ಟು ಚೆಂದದ ಸ್ಟಂಪಿಂಗ್ ನಾನು ಜನ್ಮದಲ್ಲಿ ಮಾಡಿರಲಿಲ್ಲ. "ಹೌಜಾಟ್!" ಎಂದು ಕೂಗಿದೆ. ನನ್ನದೊಂದೇ ದನಿ. ಅಂಪೈರ್ ನಿಧಾನಕ್ಕೆ ಬೆರಳೆತ್ತಿದರು.

ಕೈ ಚಾಚಿಕೊಂಡು ನಿಂತೆ. ಒಬ್ಬನೂ ಬಂದು ಕೈ ತಟ್ಟಲಿಲ್ಲ. ಸ್ಲಿಪ್‌ನಲ್ಲಿದ್ದವನು ಸುಮ್ಮನೆ ಮಣ್ಣು ಒದೆಯುತ್ತಿದ್ದ.

ಗೆಳೆಯನಾದರೂ ಬಂದಾನು ಎಂದು ನೋಡಿದರೆ, ಅವನು ಔಟಾದವನ ಹೆಗಲ ಮೇಲೆ ಕೈಯಿಟ್ಟು ಬೌಂಡರಿವರೆಗೂ ಕಳಿಸಿಕೊಡಲು ಹೊರಟಿದ್ದ.

"ಬೇಜಾರ್ ಮಾಡ್ಕಬ್ಯಾಡ್ರಿ ಸಾರ್. ನಮ್ ಕೀಪರ್ ಚೆಂಡು ಹಿಡೀತಾನೆ ಅಂತ ಗೊತ್ತಿದ್ರೆ ನಾನು ಆ ಬಾಲ್ ಹಾಕ್ತಾನೇ ಇರ್ಲಿಲ್ಲ!"