ಅರವತ್ತು ಮಿಲಿಲೀಟರಿನ ಗಾಳಿಕೋಣೆ

ಬಂದೂಕಿನ ಹೊಟ್ಟೆಯೊಳಗೆ ಎಷ್ಟು ಗಾಳಿ ಹಿಡಿಯಬೇಕೆಂಬುದು ಹೆಂಡತಿಯರು ತಲೆಹಾಕಬಾರದ ಗಹನ ಶಾಸ್ತ್ರ ಎಂದು ಹೋದ ಶುಕ್ರವಾರದವರೆಗೂ ನಂಬಿದ್ದೆ.

ಓಹಾಯೊದ ನಮ್ಮ ಏರ್‌ಗನ್ ಕ್ಲಬ್ಬಿಗೆ ನಾನೇ ಮಹಾಪಂಡಿತ. ಯಾರ ಬಂದೂಕು ಕೆಮ್ಮಿದರೂ ಫೋನು ಬರುವುದು ನನಗೇ. ಆ ಜಂಭದಲ್ಲಿ ಅಧ್ಯಕ್ಷ ಡೆಲ್ಬರ್ಟ್‌ನ ಮುಂದೆ, “ಶನಿವಾರ ನನ್ನ ಹೊಸ ರೈಫಲ್ಲು ಗುಂಡಿಗೆ ಭರ್ತಿ ಅರವತ್ತು ಫೂಟ್-ಪೌಂಡ್ ಶಕ್ತಿ ಕೊಡದಿದ್ರೆ ಈ ಪಾಂಡಿತ್ಯಾನೇ ಬಿಟ್ಟೆ ಅಂತ ತಿಳ್ಕೋ” ಎಂದುಬಿಟ್ಟಿದ್ದೆ.

ಲೆಕ್ಕವೇನೋ ಸುಲಭ. ಬಂದೂಕಿಗೆ ಜೋಡಿಸಿದ ಬಾಟಲಿಯ ಗಾಳಿ ರೆಗ್ಯುಲೇಟರ್ ದಾಟಿ, ಹದವಾದ ಒತ್ತಡದಲ್ಲಿ ಒಂದು ಪುಟ್ಟ ಕೋಣೆಯೊಳಗೆ ಕಾದು ಕೂತಿರುತ್ತದೆ. ಗುಂಡನ್ನು ತಳ್ಳುವುದು ಆ ಗಾಳಿಯೇ. ಒಂದು ಫೂಟ್-ಪೌಂಡಿಗೆ ಒಂದು ಮಿಲಿಲೀಟರ್ ಜಾಗ ಎಂಬುದು ನಮ್ಮವರ ಕೈಅಂದಾಜು. ಕೋಣೆಗೆ ನೀರು ತುಂಬಿ ನನ್ನ ಹೆಂಡತಿ ವರ್ನಾಳ ಅಡುಗೆ ತಕ್ಕಡಿಯಲ್ಲಿ ತೂಗಿದೆ (ಕೇಳದೆ). ನೀರು ಸರಿಯಾಗಿ ಅರವತ್ತು ಗ್ರಾಂ! ಒರೆಸಿ, ಅದರೊಳಗೆ ವಾಲ್ವ್ ಕೂರಿಸಿ, ಹಿತ್ತಲಲ್ಲಿ ಹೊಡೆದೆ. ವೇಗ ಅಳೆದು ನೋಡಿದರೆ ಶಕ್ತಿ ಬರೀ ನಲವತ್ತೆರಡು.

ಉಳಿದದ್ದು ಎಲ್ಲಿಗೆ ಹೋಯಿತು? ಸ್ಪ್ರಿಂಗ್ ಬದಲಿಸಿದೆ. ರೆಗ್ಯುಲೇಟರನ್ನು ಬೈದೆ. ಹವೆಯನ್ನು, ವೇಗಮಾಪಕದ ಬ್ಯಾಟರಿಯನ್ನು, ಕೊನೆಗೆ ಗುಂಡು ಎರಕ ಹೊಯ್ದವನ ವಂಶವನ್ನೂ ಶಂಕಿಸಿದೆ. ಶುಕ್ರವಾರ ಸಂಜೆ ಸೋತು ಅಡುಗೆಮನೆಗೆ ಬಂದೆ. ವರ್ನಾ ಸೌತೆಕಾಯಿ ಉಪ್ಪಿನಕಾಯಿ ಹಾಕುತ್ತಿದ್ದಳು.

“ಏನ್ರೀ, ಮೂರು ದಿನದಿಂದ ಒಂದೇ ಸಮ ಢಬ್ ಢಬ್! ಏನಾಗಿದೆ ಅದಕ್ಕೆ?”

“ನಿಂಗರ್ಥ ಆಗಲ್ಲ ಬಿಡೆ.”

“ನಿಮಗೆ ಹೇಳೋಕೆ ಬರಲ್ಲ ಅನ್ನಿ. ನನ್ನ ತಕ್ಕಡಿ ಒದ್ದೆ ಮಾಡಿದ್ರಲ್ಲ, ಆಗ ಆ ಕೊಳವೆ ಒಳಗೆ ಏನಿತ್ತು?”

“ನೀರು. ಇನ್ನೇನೂ ಇರ್ಲಿಲ್ಲ. ವಾಲ್ವ್ ಆಮೇಲೆ ಕೂರಿಸಿದ್ದು.”

ಸೌತೆಕಾಯಿ ತುರುಕಿದ್ದ ಜಾಡಿಯೊಂದನ್ನು ನನ್ನ ಮೂಗಿಗೆ ಹಿಡಿದಳು. “ಇದು ಒಂದು ಲೀಟರ್ ಜಾಡಿ. ಈಗ ಒಂದು ಲೀಟರ್ ಉಪ್ಪುನೀರು ಹಿಡಿಸಿ ನೋಡೋಣ.”

“ಹೇಗೆ ಹಿಡಿಯುತ್ತೆ? ಒಳಗೆ ಸೌತೆಕಾಯಿ...” ಎಂದವನು ಬಾಯಿ ತೆರೆದೇ ನಿಂತೆ.

“ಮುಚ್ಕೊಳ್ಳಿ, ನೊಣ ಹೋದೀತು.”

ಓಡಿಹೋಗಿ, ವಾಲ್ವ್ ಒಳಗಿರುವಂತೆಯೇ ಮತ್ತೆ ನೀರು ತುಂಬಿ ತೂಗಿದೆ. ಬಂದದ್ದು ನಲವತ್ತೊಂದು ಗ್ರಾಂ! ಹತ್ತೊಂಬತ್ತು ಮಿಲಿಲೀಟರನ್ನು ಆ ವಾಲ್ವೇ ನುಂಗಿ ತೆಪ್ಪಗೆ ಕೂತಿತ್ತು. ಇನ್ನೂ ಉದ್ದನೆಯ ಕೋಣೆ ಜೋಡಿಸಿದೆ. ಶನಿವಾರ ಎಲ್ಲರೆದುರು ಅರವತ್ತೊಂದು ಫೂಟ್-ಪೌಂಡ್ ಬಂತು. ಅಬ್ಬ, ಹೋದ ಜೀವ ಬಂದಂತಾಯಿತು!

“ಹೇಗೆ ಕಂಡುಹಿಡಿದೆಯೋ?” ಎಂದ ಡೆಲ್ಬರ್ಟ್. ನಾನು ಎದೆಯುಬ್ಬಿಸಿ ‘ಆಂತರಿಕ ಘನಾಕ್ರಮಣ ಸಿದ್ಧಾಂತ’ವನ್ನು ಅರ್ಧ ಗಂಟೆ ವಿವರಿಸಿದೆ. (ವರ್ನಾಳ ಹೆಸರು ಅದು ಹೇಗೋ ಬಿಟ್ಟುಹೋಯಿತು.) ಒಬ್ಬರಿಗೂ ಅರ್ಥವಾಗಲಿಲ್ಲ. ಪಕ್ಕದಲ್ಲೇ ಕೂತಿದ್ದ ವರ್ನಾ ಆಕಳಿಸಿ, “ಒಳಗಿರೋ ಸಾಮಾನು ಜಾಗ ತಿನ್ನುತ್ತೆ ಕಣ್ರಪ್ಪಾ, ಸಾಮಾನಿಟ್ಟು ಅಳೀರಿ” ಎಂದಳು. ಇಪ್ಪತ್ತು ತಲೆಗಳು ಒಟ್ಟಿಗೆ ತೂಗಿದವು.

ಸೋಮವಾರ ಬೆಳಿಗ್ಗೆಯೇ ಫೋನು.

“ಹೇಳು ಡೆಲ್ಬರ್ಟ್, ಏನು ತೊಂದರೆ ನಿನ್ನ ಬಂದೂಕಿಗೆ?” ಎಂದೆ ಗಂಭೀರವಾಗಿ.

“ನೀನಲ್ಲ ಮಾರಾಯ, ವರ್ನಾ ಅತ್ತಿಗೆಗೆ ಕೊಡು.”

ಅವಳ ಎರಡೂ ಕೈ ಒದ್ದೆ. ಮುಕ್ಕಾಲು ಗಂಟೆ ಅವಳ ಕಿವಿಗೆ ಫೋನು ಹಿಡಿದುಕೊಂಡು ನಿಂತಿದ್ದೆ.